ಕಡ್ಡಿ ಕತ್ತರಿಸದೇ ಕಸಿ ಕಟ್ಟೋದು

ಪ್ರಶ್ನೆ: ರಾಜಾಜಿನಗರದ ನಮ್ಮನೆ ಟೆರೇಸ್ ಮೇಲೆ 8 ವರ್ಷದ ಫೈಕಸ್ (ಆಲದ ಜಾತಿ) ಬೋನ್ಸಾಯ್ ಇದೆ. ಕಾಂಡ ಚೆನ್ನಾಗ್ ಬಂದಿದೆ ಆದ್ರೆ ಎಡಗಡೆ ಕೊಂಬೆನೇ ಇಲ್ಲ, ಬೋಳು. ಊರಲ್ಲಿ ಮಾವಿಗೆ ಕಸಿ ಕಟ್ಟೋದ್ ನೋಡಿದ್ದೆ, ಅದೇ ಥರ ಕಡ್ಡಿ ಕತ್ತರಿಸಿ ಸಿಕ್ಕಿಸಿದೆ, ಎರಡು ಸಲನೂ ಒಣಗೋಯ್ತು. ಏನ್ ಮಾಡ್ಲಿ?

ಉತ್ತರ: ಕೈಗುಣ ಸರಿ ಇಲ್ಲ ಅನ್ಕೋಬೇಡಿ. ಕತ್ತರಿಸಿದ ಕಡ್ಡಿಗೆ ನೀರು ಎಲ್ಲಿಂದ ಬರ್ಬೇಕು ಹೇಳಿ? ಸಿಪ್ಪೆಗೂ ಮರಕ್ಕೂ ನಡುವೆ ಕೇಂಬಿಯಂ ಅಂತ ತೆಳು ಪದರ ಇರತ್ತೆ, ಎರಡರದ್ದೂ ಕೂಡ್ಕೊಳ್ಳೋವರ್ಗೂ ಕಡ್ಡಿ ಒಳಗಿರೋ ನೀರಲ್ಲೇ ದಿನ ತಳ್ಬೇಕು, ಮಾವಿನ ಕಸಿಗೆ ನರ್ಸರಿಯವ್ರು ಪ್ಲಾಸ್ಟಿಕ್ ಟೋಪಿ ಹಾಕೋದೂ ಅದಕ್ಕೇ. ಟೆರೇಸ್ ಬಿಸಿಲು ಗಾಳಿ ಸಾಲ್ದು ಅಂತ ಫೈಕಸ್ ಹಾಲು ಬೇರೆ ಸುರಿಸತ್ತೆ.

ಅದ್ರ ಬದ್ಲು ಥ್ರೆಡ್ ಗ್ರಾಫ್ಟ್ ಮಾಡಿ, ಸೂಜಿಗೆ ದಾರ ಪೋಣಿಸಿದ ಹಾಗೇನೇ. ಅದೇ ಮರದ ಬಲಗಡೆಯಿಂದ ಒಂದು ಎಳೇ ಕೊಂಬೆನ ಉದ್ದಕ್ಕೆ ಬೆಳೆಯೋಕ್ ಬಿಡಿ. ಅದು 3 ಮಿ.ಮೀ. ದಪ್ಪ ಇದ್ರೆ 4 ಮಿ.ಮೀ. ಡ್ರಿಲ್ ಬಿಟ್‌ನಿಂದ ಕಾಂಡನ ಆರಪಾರ ಕೊರೀರಿ, ಎಡಗಡೆ ಎಲ್ಲಿ ಕೊಂಬೆ ಬೇಕೋ ಅಲ್ಲೇ ತೂತು ಹೊರಗ್ ಬರ್ಬೇಕು. ಕೊಂಬೆದು ಎಲೆ ಎಲ್ಲಾ ತೆಗೆದು ನಿಧಾನಕ್ಕೆ ತೂರಿಸಿ, ಮೊಗ್ಗು ಮುರೀದೇ ಇರೋ ಹಾಗೆ (ನಾನ್ ಮೊದಲ್ನೇ ಸಲ ಎಳೆದಾಡಿ ಅಷ್ಟೂ ಮೊಗ್ಗು ಉದುರಿಸ್ದೆ, ಬರೀ ಕಡ್ಡಿ ಉಳೀತು). ಹೊರಗ್ ಬರೋ ಜಾಗದಲ್ಲಿ ಕೊಂಬೆ ಸಿಪ್ಪೆ ಸ್ವಲ್ಪ ಕೆರೆದು ತೂತಿನ ಅಂಚಿಗೆ ಒತ್ತಿ ಕೂರಿಸಿ, ಹಾಲು ಒರೆಸಿ, ಕಟ್ ಪೇಸ್ಟ್ (ಗಿಡದ ಗಾಯ ಮುಚ್ಚೋ ಅಂಟು) ಹಚ್ಚಿ. ಬೇರಿನ ನೀರು ಹಳೇ ದಾರೀಲೇ ಬರ್ತಿರತ್ತೆ, ಹಾಗಾಗಿ ಒಣಗೋ ಮಾತೇ ಇಲ್ಲ.

ಆಮೇಲೆ ಕತ್ತರಿ ಮರೆತುಬಿಡಿ. ತುದಿ ಎಷ್ಟು ಬೆಳೆದ್ರೆ ಅಷ್ಟು ದಪ್ಪ ಆಗತ್ತೆ, ದಪ್ಪ ಆದ್ರೇನೇ ತೂತಿನ ಗೋಡೆಗೆ ಒತ್ತಿ ಬೆಸ್ಕೊಳ್ಳೋದು. ಒಳಗೆ ಹೋಗೋ ಕಡೆಗಿಂತ ಹೊರಗ್ ಬರೋ ಕಡೆ ದಪ್ಪ ಕಾಣಿಸ್ತಾ, ಕೂಡ್ಕೊಂಡಿದೆ ಅಂತ ಅರ್ಥ. ಆಗ್ಲೂ ಒಂದೇ ಏಟಿಗೆ ಕತ್ತರಿಸ್ಬೇಡಿ, ಒಳಗೆ ಹೋಗೋ ಕಡೆ ಅರ್ಧ ಕಚ್ಚು ಹಾಕಿ ಎರಡು ವಾರ ನೋಡಿ, ಎಲೆ ಬಾಡದೇ ಇದ್ರೆ ಪೂರ್ತಿ ತೆಗೀರಿ. ಯುಗಾದಿ ಆದ್ಮೇಲೆ ಚಿಗುರು ಜೋರಾಗಿರುವಾಗ ಶುರು ಮಾಡಿ, ಡಿಸೆಂಬರ್ ಚಳೀಲಿ ಬೇಡ.

ಪ್ರಶ್ನೆ: ಗೆಡ್ಡೆ ಥರ ಬುಡ ಇರೋ ಜಿನ್ಸೆಂಗ್ ಫೈಕಸ್ ತಂದೆ. ಈಗ ಕೆಳಗಡೆ ದೊಡ್ಡೆಲೆ, ಮೇಲೆ ಚಿಕ್ಕೆಲೆ. ರೋಗನಾ ಸಾರ್?

ಉತ್ತರ: ರೋಗ ಅಲ್ಲಮ್ಮ. ಅಂಥ ಗಿಡಗಳ ಗೆಡ್ಡೆ ಮೇಲೆ ಬೇರೆ ಚಿಕ್ಕೆಲೆ ಫೈಕಸ್ ಕೊಂಬೆ ತಂದು ಕಸಿ ಕಟ್ಟಿರ್ತಾರೆ, ಗೆಡ್ಡೆಯಿಂದ ಬರ್ತಿರೋದು ಅದ್ರ ಸ್ವಂತ ಎಲೆ. ಬಿಟ್ರೆ ಅದೇ ಜೋರಾಗಿ ಮೇಲಿನದನ್ನ ಸೊರಗಿಸತ್ತೆ, ಚಿಗುರು ಬಂದ ಹಾಗೇ ಬುಡಕ್ಕೇ ಚಿವುಟಿಬಿಡಿ.