ಏಜೆಂಟರ ಮಾತಿಗೆ ಹೊಣೆ ಯಾರು?

ಪ್ರಶ್ನೆ: ಕಳೆದ ವರ್ಷ ಬೆಂಗಳೂರಿನ ಹೊರವಲಯದ ದೊಡ್ಡ ಬಡಾವಣೆಯೊಂದರಲ್ಲಿ ನಿವೇಶನ ಕೊಂಡೆ. ‘ಕನ್ವರ್ಷನ್ ಆಗಿದೆ, ಪ್ಲಾನ್ ಅಪ್ರೂವಲ್ಲೂ ಇದೆ, ಕಣ್ಣು ಮುಚ್ಚಿ ತಗೊಳ್ಳಿ ಸಾರ್’ ಎಂದು ಏಜೆಂಟರು ವಾಟ್ಸ್‌ಆ್ಯಪ್‌ನಲ್ಲಿ ಬರೆದಿದ್ದರು. ಕ್ರಯಪತ್ರ ನೋಂದಣಿಯಾಗಿ, ಕಮಿಷನ್ ಕೊಟ್ಟ ಮೇಲೆ ನಕ್ಷೆಗೆ ಅನುಮೋದನೆಯೇ ಇಲ್ಲವೆಂದು ತಿಳಿಯಿತು. ‘ಬಡಾವಣೆಯವರು ಹೇಳಿದ್ದನ್ನೇ ನಾನು ಹೇಳಿದೆ’ ಎನ್ನುತ್ತಿದ್ದಾರೆ. ಅವರ ಮೇಲೆ ಕ್ರಮ ಸಾಧ್ಯವೇ?
— ಓದುಗರೊಬ್ಬರು, ತುಮಕೂರು

ಉತ್ತರ: ಸಾಧ್ಯ. ಭೂ ಪರಿವರ್ತನೆ ಎಂದರೆ ಕೃಷಿ ಜಮೀನನ್ನು ಬೇರೆ ಉದ್ದೇಶಕ್ಕೆ ಬಳಸಲು ಸಿಗುವ ಅನುಮತಿಯಷ್ಟೆ. ಬಡಾವಣೆಯ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಪ್ರತ್ಯೇಕವಾಗಿ ಬೇಕು. ಮೊದಲನೆಯದರ ಕಾಗದ ತೋರಿಸಿ ಎರಡನೆಯದೂ ಇದೆಯೆಂದು ನಂಬಿಸುವುದು ಹಳೆಯ ಚಾಳಿ.

2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 10ನೇ ಸೆಕ್ಷನ್ ಪ್ರಕಾರ, ಪ್ರವರ್ತಕರಿಗೆ, ಅಂದರೆ ಬಡಾವಣೆ ಮಾಡಿ ಮಾರುವವರಿಗೆ, ಇಲ್ಲದ ಅನುಮೋದನೆಯನ್ನು ಇದೆಯೆಂದು ಏಜೆಂಟರು ಬಾಯಿಮಾತಿನಲ್ಲೂ ಹೇಳುವಂತಿಲ್ಲ. ರೇರಾದಡಿ ನೋಂದಣಿಯಾಗಬೇಕಿದ್ದೂ ಆಗದ ಯೋಜನೆಯ ನಿವೇಶನ ಮಾರಿಸಿಕೊಡುವಂತೆಯೂ ಇಲ್ಲ. ತಪ್ಪಿದರೆ ದಿನಕ್ಕೆ 10,000 ರೂಪಾಯಿಯಂತೆ, ನಿವೇಶನದ ಬೆಲೆಯ ಶೇ. 5ರವರೆಗೆ ದಂಡ ಬೀಳಬಹುದು, ಏಜೆಂಟರ ನೋಂದಣಿಯೂ ರದ್ದಾಗಬಹುದು. ಆದರೆ ಆ ದಂಡ ಸರ್ಕಾರದ ಖಾತೆಗೆ ಹೋಗುತ್ತದೆಯೇ ಹೊರತು ನಿಮ್ಮ ಕೈಗೆ ಬರುವುದಿಲ್ಲ. ಇದು ತಿಳಿಯದೆ ಏಜೆಂಟರೊಬ್ಬರ ಮೇಲೆಯೇ ದೂರು ಕೊಟ್ಟು ಕೂರುವವರು ಉಂಟು.

ಹಣ ಬೇಕಿದ್ದರೆ ಪ್ರವರ್ತಕರನ್ನೂ ಎದುರುದಾರರನ್ನಾಗಿ ಸೇರಿಸಿ. ಅವರ ಜಾಹೀರಾತಿನಲ್ಲಿ ಅಥವಾ ಕರಪತ್ರದಲ್ಲಿ ಅನುಮೋದನೆಯ ಮಾತಿದ್ದು, ಅದನ್ನು ನಂಬಿ ಮುಂಗಡ ಕೊಟ್ಟಿದ್ದರೆ, 12ನೇ ಸೆಕ್ಷನ್ ಅಡಿ ಪರಿಹಾರ ಕೇಳಬಹುದು. ಯೋಜನೆಯಿಂದ ಹೊರಬರುವುದಾದರೆ ಪೂರ್ತಿ ಹಣವನ್ನು ಬಡ್ಡಿಸಹಿತ ಕೇಳಬಹುದು. ಕರಪತ್ರದಲ್ಲಿ ಇಲ್ಲದೆ ಏಜೆಂಟರಷ್ಟೇ ಹೇಳಿದ್ದರೂ, ಅವರು ಪ್ರವರ್ತಕರ ಪರವಾಗಿ ವ್ಯವಹರಿಸಿದ್ದು ರುಜುವಾದರೆ, 1872ರ ಕರಾರು ಕಾಯ್ದೆಯ 238ನೇ ಸೆಕ್ಷನ್ ಆ ಮಾತನ್ನು ಪ್ರವರ್ತಕರದೇ ಮಾತೆಂಬಂತೆ ನೋಡುತ್ತದೆ.

‘ನೀವೇ ವಿಚಾರಿಸಬಹುದಿತ್ತಲ್ಲ’ ಎಂಬ ವಾದ ಬಂದೇ ಬರುತ್ತದೆ. ತಿಳಿಯದೆ ಹೇಳಿದ ತಪ್ಪಿಗೆ ಅದು ಸ್ವಲ್ಪಮಟ್ಟಿಗೆ ರಕ್ಷಣೆಯಾದೀತು. ಗೊತ್ತಿದ್ದೇ ಹೇಳಿದ ಸುಳ್ಳಿಗೆ ಆಗದು.

ಕಮಿಷನ್ ಪಡೆದು ಕೊಟ್ಟದ್ದು ಸೇವೆಯಾದ್ದರಿಂದ, ಏಜೆಂಟರ ವಿರುದ್ಧ ಜಿಲ್ಲಾ ಗ್ರಾಹಕರ ಆಯೋಗಕ್ಕೂ ಹೋಗಬಹುದು. ಕಾರಣ ಉದ್ಭವಿಸಿದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಕಮಿಷನ್‌ಗೆ ರಸೀದಿ ಇಲ್ಲದಿದ್ದರೆ ಬ್ಯಾಂಕ್ ವಿವರ ಇಟ್ಟುಕೊಳ್ಳಿ. ವಾಟ್ಸ್‌ಆ್ಯಪ್ ಸಂದೇಶದ ಪ್ರಿಂಟ್ ಒಂದೇ ಸಾಲದು, ಎಲೆಕ್ಟ್ರಾನಿಕ್ ದಾಖಲೆಯನ್ನು ಸಾಕ್ಷ್ಯವಾಗಿ ಕೊಡಲು ಬೇಕಾದ, 2023ರ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್‌ನ ಪ್ರಮಾಣಪತ್ರ ಜೊತೆಗಿರಲಿ. ಆ ಸಂದೇಶ ಬಂದ ಮೊಬೈಲನ್ನು ಎಕ್ಸ್‌ಚೇಂಜ್‌ಗೆ ಕೊಡುವ ಯೋಚನೆಯಿದ್ದರೆ ಸದ್ಯಕ್ಕೆ ಬೇಡ.