ತಿಂಗಳಿಗೆ ಎಷ್ಟು ಸಲ ಗಿರಾಕಿ ಅಂಗಡಿಗೆ ಬರುತ್ತಾರೆ: ಪಾಯ್ಸಾನ್ ಲೆಕ್ಕ ಯಾಕೆ ಕೂಡಿಬರುತ್ತಿಲ್ಲ?

ಗಿರಾಕಿಗಳ ಭೇಟಿಗೆ ಪಾಯ್ಸಾನ್ (ಒಂದು ಘಟನೆ ಎಷ್ಟು ಸಲ ನಡೆದೀತು ಎಂದು ಅಂದಾಜಿಸುವ ಸಂಭವನೀಯತೆಯ ಮಾದರಿ) ಹಾಕಿದರೆ ನಿಮ್ಮ ಅಂಗಡಿಯ ಲೆಕ್ಕ ಯಾಕೆ ಕೂಡಿಬರುತ್ತಿಲ್ಲ ಎಂದು ಕೇಳಿದ್ದೀರಿ. 500 ಮನೆ, ತಿಂಗಳಿಗೆ ಸರಾಸರಿ 4 ಭೇಟಿ, ವೇರಿಯನ್ಸ್ (ಸಂಖ್ಯೆಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) 12 ಅಂತ ಬರೆದಿದ್ದೀರಿ. ಪಾಯ್ಸಾನ್ ಪ್ರಕಾರ ಒಮ್ಮೆಯೂ ಬಾರದ ಮನೆ 9 ಇರಬೇಕಿತ್ತು, ನಿಮಗೆ ಸಿಕ್ಕಿದ್ದು 58. ಗುಣಾಕಾರ ಸರಿಯಾಗಿಯೇ ಇದೆ, ತಪ್ಪಿರುವುದು ಮಾದರಿ. ಪಾಯ್ಸಾನ್ ಹಾಕಿದಿರಿ ಎಂದರೆ ಎಲ್ಲ ಮನೆಗಳ ಅಭ್ಯಾಸವೂ ಒಂದೇ ಎಂದು ಒಪ್ಪಿದಂತೆ. ಸೊಪ್ಪು, ಮೊಸರಿಗೆಂದು ದಿನ ಬಿಟ್ಟು ದಿನ ಬರುವ ಮನೆಯೂ, ಸಂಬಳವಾದ ವಾರ ಒಂದೇ ಸಲಕ್ಕೆ ದಿನಸಿ ಒಯ್ಯುವ ಮನೆಯೂ ಒಂದೇ ಹೇಗಾದೀತು?

ನಾನಾದರೆ ಮನೆಯಿಂದ ಮನೆಗೆ ಅಭ್ಯಾಸ ಬೇರೆಯಿರಲು ಬಿಡುವ ನೆಗೆಟಿವ್ ಬೈನಾಮಿಯಲ್ ಮಾದರಿ ಹಾಕುತ್ತೇನೆ. ಖರೀದಿಯ ಲೆಕ್ಕಕ್ಕೆ ಮಾರುಕಟ್ಟೆ ಸಂಶೋಧಕ ಆಂಡ್ರ್ಯೂ ಎಹ್ರೆನ್‌ಬರ್ಗ್ 1959ರಲ್ಲೇ ಇದನ್ನು ಬಳಸಿದರು. ಸರಾಸರಿಯ ವರ್ಗವನ್ನು, ವೇರಿಯನ್ಸ್‌ನಲ್ಲಿ ಸರಾಸರಿ ಕಳೆದು ಉಳಿದದ್ದರಿಂದ ಭಾಗಿಸಿ: 16 ಭಾಗಿಸು 8, ಕೆ (ಮನೆಗಳ ಅಭ್ಯಾಸ ಎಷ್ಟು ಬೇರೆ ಎಂದು ಹೇಳುವ ಸಂಖ್ಯೆ, ಚಿಕ್ಕದಾದಷ್ಟೂ ವ್ಯತ್ಯಾಸ ಹೆಚ್ಚು) = 2. ಬಾರದವರ ಪಾಲು (1 + 4/2)ರ ಮೈನಸ್ 2ನೇ ಘಾತ, ಅಂದರೆ 1/9. 500ಕ್ಕೆ ಸುಮಾರು 56 ಮನೆ. ನಿಮ್ಮ 58ಕ್ಕೆ ಎಷ್ಟು ಹತ್ತಿರ ನೋಡಿ. ಕೆ ಪೂರ್ಣಾಂಕವಾಗದಿದ್ದರೆ ಎಕ್ಸೆಲ್‌ನ ಸಿದ್ಧ ಸೂತ್ರ ದಶಮಾಂಶವನ್ನು ಕತ್ತರಿಸಿಬಿಡುತ್ತದೆ. ಆಗ ಆರ್ (R) ಎಂಬ ಸಂಖ್ಯಾಶಾಸ್ತ್ರದ ತಂತ್ರಾಂಶದಲ್ಲಿ ಮಾಡಿ.

ಅದಕ್ಕೂ ಮೊದಲು ದತ್ತಾಂಶ ಸ್ವಚ್ಛವಾಗಬೇಕು, ಹೆಚ್ಚಿನವರು ಎಡವುವುದು ಇಲ್ಲೇ. ಸಕ್ಕರೆ ಮರೆತು ಹತ್ತು ನಿಮಿಷಕ್ಕೆ ಮತ್ತೆ ಬಿಲ್ ಮಾಡಿಸಿದರೆ ಅದು ಎರಡನೇ ಭೇಟಿಯಲ್ಲ. ಒಂದು ಗಂಟೆಯೊಳಗಿನ ಬಿಲ್‌ಗಳನ್ನು ಕೂಡಿಸಿ. ಗಂಡನ ನಂಬರು, ಹೆಂಡತಿಯ ನಂಬರು ಒಂದೇ ಮನೆಗೆ ಸೇರಲಿ. ತಿಂಗಳ ನಡುವೆ ಸೇರಿದವರಿಗೆ ಅಷ್ಟೇ ದಿನಗಳ ಲಾಗ್ ಅನ್ನು ಆಫ್‌ಸೆಟ್ (ಕಡಿಮೆ ದಿನಗಳನ್ನು ಲೆಕ್ಕಕ್ಕೆ ಹಿಡಿಯುವ ಹೊಂದಾಣಿಕೆ) ಆಗಿ ಕೊಡಿ. ಮನೆಗಳ ಪಟ್ಟಿಯನ್ನು ಅದೇ ತಿಂಗಳ ಬಿಲ್‌ಗಳಿಂದ ತೆಗೆದಿದ್ದರೆ ಬಾರದವರು ಅದರಲ್ಲಿ ಇರುವುದೇ ಇಲ್ಲ. ಆಗ ಸೊನ್ನೆ ಬಿಟ್ಟ, ಟ್ರಂಕೇಟೆಡ್ ಮಾದರಿ ಬೇಕು.

ಈ ಮಾದರಿಯ ನಿಜವಾದ ಬೆಲೆ ಮುಂದಿನ ತಿಂಗಳ ಅಂದಾಜಿನಲ್ಲಿದೆ. ಈ ತಿಂಗಳ ಭೇಟಿಗೆ ಕೆ ಕೂಡಿಸಿ, 4/6ರಿಂದ (ಸರಾಸರಿಯನ್ನು ಸರಾಸರಿ ಮತ್ತು ಕೆಗಳ ಮೊತ್ತದಿಂದ ಭಾಗಿಸಿದ್ದು) ಗುಣಿಸಿ. ಒಮ್ಮೆಯೂ ಬಾರದ ಮನೆಗಳು ಮುಂದಿನ ತಿಂಗಳು ಸರಾಸರಿ 1.33 ಸಲ ಬರುತ್ತವೆ, 10 ಸಲ ಬಂದವು 8ಕ್ಕೆ ಇಳಿಯುತ್ತವೆ. ಅಂಗಡಿಯಲ್ಲಿ ಏನೂ ಬದಲಾಗದಿದ್ದರೂ ಹೀಗೇ. ಆದ್ದರಿಂದ ಬಾರದವರಿಗೆ ರಿಯಾಯಿತಿ ಮೆಸೇಜ್ ಕಳಿಸಿ, ಅವರು ಬಂದದ್ದೆಲ್ಲ ಅದರಿಂದಲೇ ಎಂದು ದಯವಿಟ್ಟು ಬರೆದುಕೊಳ್ಳಬೇಡಿ. 58ರಲ್ಲಿ 29 ಮನೆಗಳನ್ನು ಚೀಟಿ ಎತ್ತಿ ಮೆಸೇಜಿಲ್ಲದೆ ಬಿಡಿ, ಎರಡೂ ಗುಂಪು ಹೋಲಿಸಿ. ಗುಂಪು ಚಿಕ್ಕದು, ಮೂರ್ನಾಲ್ಕು ತಿಂಗಳು ಇದನ್ನೇ ಮಾಡಿದರೆ ಅಂತರ ಕಂಡೀತು.