ಅಂಗಳದಿಂದ ಕಂಡ ಹತ್ತಿಯ ಉಂಡೆ

ಪ್ರಶ್ನೆ: ಮಂಜೇಶ್ವರದಿಂದ ಸ್ವಲ್ಪ ಒಳಗೆ, ಅಡಿಕೆ ತೋಟದ ನಡುವೆ ನಮ್ಮ ಮನೆ. ಈ ನವೆಂಬರಿನಲ್ಲಿ ಹೊಸ ಬೈನಾಕ್ಯುಲರ್ ಕೊಂಡೆ. ಮೂರು ದಿನ ರಾತ್ರಿ ಎಂಟೂವರೆಗೆ ಉತ್ತರದಲ್ಲಿ, ತುಂಬ ಎತ್ತರಕ್ಕೆ, ಹಿಂಜಿದ ಹತ್ತಿಯಂಥದ್ದೊಂದು ಮಸುಕಾಗಿ ಕಂಡಿತು. ಧೂಮಕೇತುವಾ? 2024ರ ಅಕ್ಟೋಬರ್ 16ಕ್ಕೆ ಕಣ್ವತೀರ್ಥದ ಕಡಲ ಬದಿಯಲ್ಲಿ ಬರಿಗಣ್ಣಲ್ಲಿ ಕಾದು ಕೂತಿದ್ದೆ, ಆಗ ಏನೂ ಕಾಣಲಿಲ್ಲ.

ಉತ್ತರ: ಮೂರು ದಿನವೂ ಪಕ್ಕದ ನಕ್ಷತ್ರಗಳಿಂದ ಒಂಚೂರೂ ಸರಿಯದೆ ಅಲ್ಲೇ ಇತ್ತಾ? ಹಾಗಿದ್ದರೆ ಧೂಮಕೇತು ಅಲ್ಲ. ನೀವು ಹೇಳುವ ಹೊತ್ತು, ದಿಕ್ಕು ನೋಡಿದರೆ ಅದು ಆಂಡ್ರೊಮಿಡಾ ಗೆಲಾಕ್ಸಿ, ಅಂದರೆ ಕೋಟ್ಯಂತರ ನಕ್ಷತ್ರಗಳ ಒಂದು ದೊಡ್ಡ ಗುಂಪು. ಬೇಜಾರು ಮಾಡಬೇಡಿ, ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ್ದನ್ನು ಅಂಗಳದಲ್ಲಿ ನಿಂತು ನೋಡಿದ್ದೀರಿ, ನನ್ನ ಮಟ್ಟಿಗೆ ಅದು ಧೂಮಕೇತುವಿಗಿಂತ ಜಾಸ್ತಿ. ಹದಿನೆಂಟನೇ ಶತಮಾನದಲ್ಲಿ ಪ್ಯಾರಿಸ್ಸಿನ ಚಾರ್ಲ್ಸ್ ಮೆಸಿಯೆ ಎಂಬಾತ ಧೂಮಕೇತು ಹುಡುಕುವಾಗ ಇಂಥ ಮಸುಕುಗಳಿಂದ ಮೋಸ ಹೋಗಬಾರದು ಅಂತಲೇ ಒಂದು ಪಟ್ಟಿ ಮಾಡಿಟ್ಟ. ಈಗ ಅದರಲ್ಲಿ 110 ಇವೆ. ನಿಮ್ಮದು 31ನೆಯದು.

ಧೂಮಕೇತು ಉಲ್ಕೆಯ ಹಾಗೆ ಸರ್ರನೆ ಓಡುವುದಿಲ್ಲ, ಆದರೆ ಇವತ್ತಿದ್ದಲ್ಲಿ ನಾಳೆ ಇರುವುದಿಲ್ಲ. ಕಂಡ ಕೂಡಲೇ ಸುತ್ತಲಿನ ನಾಲ್ಕೈದು ಚುಕ್ಕಿಗಳ ಸಮೇತ ಚಿತ್ರ ಬರೆದು, ಗಂಟೆ ಹಾಕಿ, ಮರುದಿನ ಅದೇ ಹೊತ್ತಿಗೆ ಹೋಲಿಸಿ. ನೇರ ದಿಟ್ಟಿಸುವುದಕ್ಕಿಂತ ಓರೆಗಣ್ಣಿಗೆ ಮಸುಕು ಚೆನ್ನಾಗಿ ಸಿಗುತ್ತದೆ. ಉದ್ದ ಬಾಲವನ್ನೇ ಹುಡುಕುತ್ತಾ ಕೂರಬೇಡಿ, ಪತ್ರಿಕೆಯಲ್ಲಿ ಬರುವ ಆ ಫೋಟೊಗಳು ಕ್ಯಾಮೆರಾವನ್ನು ಸೆಕೆಂಡುಗಟ್ಟಲೆ ತೆರೆದಿಟ್ಟು ತೆಗೆದವು. ಬಾಲ ಕಂಡರೂ ಅದು ಸೂರ್ಯನಿಗೆ ಬೆನ್ನು ಹಾಕಿರುತ್ತದೆ, ಅಂದರೆ ಸಂಜೆ ಪಶ್ಚಿಮದಲ್ಲಿ ನೋಡಿದರೆ ಮೇಲ್ಮುಖವಾಗಿ.

ಇನ್ನು 2024ರದ್ದು. ಆ ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಅಕ್ಟೋಬರ್ 12ಕ್ಕೆ ಭೂಮಿಗೆ ಹತ್ತಿರ ಬಂದು, ಆಮೇಲೆ ಸಂಜೆ ಹೊತ್ತು ದಿನದಿಂದ ದಿನಕ್ಕೆ ಮೇಲೇರುತ್ತಾ, ಜೊತೆಗೇ ಮಂಕಾಗುತ್ತಾ ಹೋಯಿತು. ನೀವು ಆರಿಸಿದ ದಿನವೇ ಸರಿ ಇರಲಿಲ್ಲ ಮಾರಾಯ್ರೇ, ಮರುದಿನವೇ ಹುಣ್ಣಿಮೆ! ಬೆನ್ನ ಹಿಂದೆ ಅಷ್ಟು ದೊಡ್ಡ ಚಂದ್ರ, ಎದುರಿಗೆ ಕಡಲ ಮೇಲೆ ಒಂದಿಷ್ಟು ಮೋಡ ಬಂದರೂ ಸಾಕು, ಬರಿಗಣ್ಣಿಗೆ ಏನು ಕಂಡೀತು?

ಕಣ್ವತೀರ್ಥ ಒಳ್ಳೆಯ ಜಾಗವೇ, ಪಶ್ಚಿಮ ಪೂರ್ತಿ ಬಿಚ್ಚಿಕೊಂಡಿದೆ. ಆದರೆ ಧೂಮಕೇತು ಬೆಳಗಿನ ಜಾವ ಪೂರ್ವದಲ್ಲಿ ಬರುವುದಾದರೆ ಕಡಲ ಬದಿ ಬೇಡ, ಪೊಸಡಿಗುಂಪೆ ಗುಡ್ಡ ಹತ್ತಿ. ಮಂಜಿಗೆ ಲೆನ್ಸ್ ಒದ್ದೆಯಾಗುತ್ತದೆ, ಒರೆಸಲು ಒಣ ಬಟ್ಟೆ ಇರಲಿ.